ಐದು ಸೆಂಟಿನ ಹಾಟ್ ಡಾಗ್: ಒಂದು ಅಂಗಡಿ, ಒಂದು ಹೆಸರು, ಒಂದು ಸುಳ್ಳು ಚರಿತ್ರೆ

ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. ಪ್ರತಿ ವರ್ಷ ಆ ದಿನ ನ್ಯೂಯಾರ್ಕ್ ನಗರದ ಕೋನಿ ಐಲ್ಯಾಂಡ್ ಎಂಬ ಸಮುದ್ರ ತೀರದಲ್ಲಿ ಒಂದು ಅಂಗಡಿಯ ಮುಂದೆ ಸಾವಿರಾರು ಜನ ಸೇರುತ್ತಾರೆ. ವೇದಿಕೆಯ ಮೇಲೆ ಉದ್ದನೆಯ ಮೇಜು, ಅದರ ಹಿಂದೆ ಸಾಲಾಗಿ ನಿಂತ ಸ್ಪರ್ಧಿಗಳು. 10 ನಿಮಿಷದಲ್ಲಿ ಯಾರು ಹೆಚ್ಚು ಹಾಟ್ ಡಾಗ್ ತಿನ್ನುತ್ತಾರೋ ಅವರೇ ಗೆದ್ದಂತೆ. 2021ರಲ್ಲಿ ಜೋಯಿ ಚೆಸ್ಟ್‌ನಟ್ ಎಂಬಾತ 76 ತಿಂದು ದಾಖಲೆ ಮಾಡಿದ. ಇದನ್ನು ಕ್ರಿಕೆಟ್ ಪಂದ್ಯದ ಹಾಗೆ ಟಿವಿಯಲ್ಲಿ ನೇರ ಪ್ರಸಾರ ಮಾಡುತ್ತಾರೆ.

ಈ ಸ್ಪರ್ಧೆ 1916ರಿಂದ ನಡೆದು ಬಂದಿದೆ ಎಂದು ದಶಕಗಳ ಕಾಲ ಪತ್ರಿಕೆಗಳು ಬರೆದವು, ಟಿವಿಗಳು ಹೇಳಿದವು. ಅದು ಸುಳ್ಳು. ಅಂಗಡಿ ಮಾತ್ರ ನಿಜವಾಗಿಯೂ 1916ರದ್ದು. ಅದರ ಹೆಸರು ನೇಥನ್ಸ್ ಫೇಮಸ್. ಇವತ್ತು ಅಮೆರಿಕದಲ್ಲಿ ಹಾಟ್ ಡಾಗ್ ಅಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಅದೂ ಒಂದು. ನಿಜವಾದ ಅಂಗಡಿಗೆ ಸುಳ್ಳು ಚರಿತ್ರೆ ಯಾಕೆ ಬೇಕಾಯಿತು? ಅದನ್ನು ತಿಳಿಯಬೇಕಾದರೆ ಮೊದಲಿನಿಂದ ನೋಡಬೇಕು.

ನಾಯಿ ಇಲ್ಲದ ಹಾಟ್ ಡಾಗ್

ಹೆಸರು ಕೇಳಿ ಗಾಬರಿಯಾಗಬೇಡಿ. ಹಾಟ್ ಡಾಗ್‌ನಲ್ಲಿ ನಾಯಿ ಮಾಂಸ ಇರುವುದಿಲ್ಲ. ಮಾಂಸವನ್ನು ನುಣ್ಣಗೆ ಅರೆದು, ಉಪ್ಪು, ಬೆಳ್ಳುಳ್ಳಿ, ಮಸಾಲೆ ಸೇರಿಸಿ, ಕರುಳಿನ ತೆಳುವಾದ ಚೀಲದಲ್ಲಿ ಕೊಳವೆಯ ಹಾಗೆ ತುಂಬುತ್ತಾರೆ. ಇದು ಸಾಸೇಜ್. ಅದನ್ನು ಬೇಯಿಸಿ ಅಥವಾ ಕಾವಲಿಯ ಮೇಲೆ ಸುಟ್ಟು, ಉದ್ದನೆಯ ಬನ್ ಸೀಳಿ ಒಳಗಿಟ್ಟು, ಮೇಲೆ ಸಾಸಿವೆಯ ಸಾಸ್ ಸವರಿ ಕೊಟ್ಟರೆ ಅದೇ ಹಾಟ್ ಡಾಗ್. ತಟ್ಟೆ ಬೇಡ, ಚಮಚ ಬೇಡ. ನಡೆಯುತ್ತಲೇ ತಿನ್ನಬಹುದು.

ಸಾಸೇಜ್ ತಿನ್ನುವ ಅಭ್ಯಾಸವನ್ನು ಅಮೆರಿಕಕ್ಕೆ ತಂದವರಲ್ಲಿ ಮುಖ್ಯರಾದವರು ಜರ್ಮನಿಯಿಂದ ಬಂದ ವಲಸಿಗರು. ಮಾಂಸ ಅರೆದ ಮೇಲೆ ಅದು ಯಾವ ಪ್ರಾಣಿಯದ್ದು ಎಂದು ಕಣ್ಣಿಗೆ ಕಾಣುವುದಿಲ್ಲವಲ್ಲ. ಹಾಗಾಗಿ ಇದರಲ್ಲಿ ನಾಯಿ ಮಾಂಸ ಇದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಆ ತಮಾಷೆಯ ಹೆಸರೇ ಉಳಿಯಿತು. ತಮಾಷೆಯ ಹಿಂದೆ ನಿಜವಾದ ಅನುಮಾನವೂ ಇತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ಬೇಕಾಗುತ್ತದೆ.

ಮೊದಲು ಬಂದವನು ಫೆಲ್ಟ್‌ಮನ್

ಕೋನಿ ಐಲ್ಯಾಂಡ್ ಇರುವುದು ನ್ಯೂಯಾರ್ಕ್‌ನ ಬ್ರೂಕ್ಲಿನ್ ಭಾಗದ ದಕ್ಷಿಣ ತುದಿಯಲ್ಲಿ. 19ನೇ ಶತಮಾನದಲ್ಲೇ ಅದು ನಗರದ ಜನ ಸೆಕೆ ತಪ್ಪಿಸಿಕೊಳ್ಳಲು ಹೋಗುವ ಜಾಗವಾಗಿತ್ತು. ಅಲ್ಲಿ ಚಾರ್ಲ್ಸ್ ಫೆಲ್ಟ್‌ಮನ್ ಎಂಬ ಜರ್ಮನ್ ವಲಸಿಗ ತಳ್ಳುಗಾಡಿಯಲ್ಲಿ ತಿಂಡಿ ಮಾರುತ್ತಿದ್ದ. 1867ರ ಸುಮಾರಿಗೆ ಗಾಡಿಯಲ್ಲೇ ಇದ್ದಿಲಿನ ಒಲೆ ಕೂರಿಸಿಕೊಂಡು, ಬಿಸಿ ಸಾಸೇಜನ್ನು ಬನ್‌ನಲ್ಲಿಟ್ಟು ಮಾರಲು ಶುರು ಮಾಡಿದ ಎನ್ನುತ್ತಾರೆ. ವ್ಯಾಪಾರ ಕುದುರಿತು. ತಳ್ಳುಗಾಡಿ ಅಂಗಡಿಯಾಯಿತು, ಅಂಗಡಿ ದೊಡ್ಡ ಹೋಟೆಲಾಯಿತು. ಸಾವಿರಾರು ಜನ ಕೂರುವ ಜಾಗ, ಬಿಯರ್ ಕುಡಿಯುವ ತೋಟ, ಮಕ್ಕಳಿಗೆ ತಿರುಗುವ ಕುದುರೆಗಳು, ಹಾಡು, ಬ್ಯಾಂಡು ಎಲ್ಲವೂ ಅಲ್ಲಿದ್ದವು.

ಫೆಲ್ಟ್‌ಮನ್ 1910ರಲ್ಲಿ ತೀರಿಕೊಂಡ. ಹೋಟೆಲನ್ನು ಮನೆಯವರು ಮುಂದುವರಿಸಿದರು. ಅಲ್ಲಿ ಒಂದು ಹಾಟ್ ಡಾಗ್ ಬೆಲೆ 10 ಸೆಂಟ್. ಒಂದು ಡಾಲರಿಗೆ 100 ಸೆಂಟ್ ಲೆಕ್ಕ.

ಬನ್ ಸೀಳುವ ಕೆಲಸಗಾರ

ನೇಥನ್ ಹ್ಯಾಂಡ್‌ವರ್ಕರ್ ಹುಟ್ಟಿದ್ದು 1892ರಲ್ಲಿ, ಯುರೋಪಿನ ಗಲೀಷಿಯಾ ಎಂಬ ಪ್ರಾಂತ್ಯದಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು. ಈಗ ಪೋಲೆಂಡ್ ಮತ್ತು ಉಕ್ರೇನ್ ನಡುವೆ ಹಂಚಿಹೋಗಿದೆ. ಯಹೂದಿ ಕುಟುಂಬ, ಅಪ್ಪ ಚಪ್ಪಲಿ ಹೊಲಿಯುವವನು, ಮನೆ ತುಂಬ ಮಕ್ಕಳು, ತೀರದ ಬಡತನ. ಹ್ಯಾಂಡ್‌ವರ್ಕರ್ ಎಂಬ ಹೆಸರಿಗೆ ಜರ್ಮನ್ ಭಾಷೆಯಲ್ಲಿ ಕೈಕಸುಬಿನವನು ಎಂದೇ ಅರ್ಥ. ಆ ಕಾಲದಲ್ಲಿ ಲಕ್ಷಾಂತರ ಬಡ ಯಹೂದಿಗಳು ಆ ಭಾಗದಿಂದ ಅಮೆರಿಕಕ್ಕೆ ಹೊರಟಿದ್ದರು. ನೇಥನ್ ಕೂಡ 1912ರಲ್ಲಿ ನ್ಯೂಯಾರ್ಕ್‌ಗೆ ಬಂದ.

ಸಣ್ಣಪುಟ್ಟ ಕೆಲಸ ಮಾಡುತ್ತಾ ಅವನು ಫೆಲ್ಟ್‌ಮನ್ ಹೋಟೆಲ್ ಸೇರಿಕೊಂಡ. ಬನ್ ಸೀಳುವುದು, ಹಾಟ್ ಡಾಗ್ ಒಯ್ದು ಕೊಡುವುದು ಅವನ ಕೆಲಸ. ಸಂಬಳ ವಾರಕ್ಕೆ 11 ಡಾಲರ್ ಎಂದು ಅವನ ಕಥೆ ಹೇಳುವವರು ಹೇಳುತ್ತಾರೆ. ಅಲ್ಲೇ ಹಾಡು ಹೇಳುತ್ತಾ ಊಟ ಬಡಿಸುತ್ತಿದ್ದ, ಮುಂದೆ ದೊಡ್ಡ ಕಲಾವಿದರಾದ ಎಡ್ಡಿ ಕ್ಯಾಂಟರ್ ಮತ್ತು ಜಿಮ್ಮಿ ಡುರಾಂಟೆ ಎಂಬ ಇಬ್ಬರು, 'ನೀನೇ ಯಾಕೆ ಅರ್ಧ ಬೆಲೆಗೆ ಮಾರಬಾರದು' ಎಂದು ನೇಥನ್‌ನನ್ನು ಹುರಿದುಂಬಿಸಿದರಂತೆ. ನೇಥನ್ ಅಡುಗೆಮನೆಯ ನೆಲದ ಮೇಲೆ ಮಲಗಿ, ಪುಕ್ಕಟೆ ಸಿಗುವ ಹಾಟ್ ಡಾಗನ್ನೇ ತಿಂದು, ಸಂಬಳದಲ್ಲಿ 300 ಡಾಲರ್ ಉಳಿಸಿದನಂತೆ. ಈ 'ಅಂತೆ'ಗಳು ಎಷ್ಟು ನಿಜವೋ, ಅಂಗಡಿ ತೆರೆದದ್ದಂತೂ ಪೂರ್ತಿ ನಿಜ. 1916ರಲ್ಲಿ ಸರ್ಫ್ ಅವೆನ್ಯೂ ಮತ್ತು ಸ್ಟಿಲ್‌ವೆಲ್ ಅವೆನ್ಯೂ ಎಂಬ ಎರಡು ರಸ್ತೆಗಳು ಕೂಡುವ ಮೂಲೆಯಲ್ಲಿ, ಹಳೆಯ ಧಣಿಗಳ ಹೋಟೆಲಿನಿಂದ ಕೂಗಳತೆಯ ದೂರದಲ್ಲಿ, ಅವನ ಪುಟ್ಟ ಅಂಗಡಿ ಶುರುವಾಯಿತು.

ಜೊತೆಗೆ ನಿಂತವಳು ಐಡಾ. ಮುಂದೆ ಇಬ್ಬರೂ ಮದುವೆಯಾದರು. ಸಾಸೇಜಿಗೆ ಹಾಕುವ ಮಸಾಲೆಯ ಹದ ಐಡಾಳ ಅಜ್ಜಿಯದ್ದು ಎಂದು ಕಂಪನಿ ಇಂದಿಗೂ ಹೇಳಿಕೊಳ್ಳುತ್ತದೆ.

ಬೆಲೆ? 5 ಸೆಂಟ್. ಫೆಲ್ಟ್‌ಮನ್ ಬೆಲೆಯ ಸರಿಯಾಗಿ ಅರ್ಧ.

ಈ ಅರ್ಧದ ಮಹತ್ವ ತಿಳಿಯಲು ಒಂದು ಲೆಕ್ಕ ಹಾಕೋಣ. ವಾರಕ್ಕೆ 11 ಡಾಲರ್ ಸಂಬಳ, ಆರು ದಿನ ಕೆಲಸ ಅನ್ನಿ. ದಿನಕ್ಕೆ ಸುಮಾರು 183 ಸೆಂಟ್ ಆಯಿತು. ಗಂಡ, ಹೆಂಡತಿ, ಮೂರು ಮಕ್ಕಳು ಭಾನುವಾರ ಸಮುದ್ರ ನೋಡಲು ಬಂದು ಫೆಲ್ಟ್‌ಮನ್‌ನಲ್ಲಿ ತಲೆಗೊಂದು ಹಾಟ್ ಡಾಗ್ ತಿಂದರೆ 50 ಸೆಂಟ್. ದಿನದ ಕೂಲಿಯ ಕಾಲು ಭಾಗಕ್ಕಿಂತ ಹೆಚ್ಚು. ನೇಥನ್ ಅಂಗಡಿಯಲ್ಲಿ ಅದೇ 25 ಸೆಂಟ್. ಕೂಲಿಯವನ ಮಕ್ಕಳು ಅಂಗಡಿಯ ಮುಂದೆ ಹೋಗುವಾಗ ಅಪ್ಪ ನಿಲ್ಲುತ್ತಾನೋ, ಕೈಹಿಡಿದು ಎಳೆದುಕೊಂಡು ಮುಂದೆ ಹೋಗುತ್ತಾನೋ ಎಂಬುದು ಈ ಅರ್ಧದಲ್ಲಿತ್ತು.

ಅವನಿಗೆ ಹೇಗೆ ಗಿಟ್ಟಿತು? ಮೇಜು ಕುರ್ಚಿ ಇಲ್ಲ, ಬಡಿಸುವವರಿಲ್ಲ, ತೊಳೆಯಲು ತಟ್ಟೆ ಇಲ್ಲ, ಬ್ಯಾಂಡಿನವರಿಗೆ ಸಂಬಳವಿಲ್ಲ. ನಿಂತು ತಗೊಳ್ಳಬೇಕು, ನಡೆದು ತಿನ್ನಬೇಕು. ಒಂದರಲ್ಲಿ ಲಾಭ ಕಡಿಮೆ, ಆದರೆ ಸಾವಿರಾರು ಮಾರಿದರೆ ಅದೇ ದೊಡ್ಡ ಮೊತ್ತ. ಮುಂದೆ ಇಡೀ ಅಮೆರಿಕದ ಫಾಸ್ಟ್ ಫುಡ್ ನಿಂತದ್ದು ಇದೇ ಲೆಕ್ಕದ ಮೇಲೆ.

ಅಗ್ಗ ಅಂದರೆ ಅನುಮಾನ

ಅರ್ಧ ಬೆಲೆ ಅಂದ ಕೂಡಲೇ ಜನ ಮುಗಿಬಿದ್ದರೇ? ಇಲ್ಲ. ಇಷ್ಟು ಅಗ್ಗಕ್ಕೆ ಕೊಡುತ್ತಾನೆ ಅಂದರೆ ಏನು ಹಾಕಿರುತ್ತಾನೋ ಎಂದು ಹಿಂಜರಿದರು.

ಆ ಹೆದರಿಕೆಗೆ ಕಾರಣ ಇತ್ತು. ಹತ್ತು ವರ್ಷ ಹಿಂದೆ, 1906ರಲ್ಲಿ, ಅಪ್ಟನ್ ಸಿಂಕ್ಲೇರ್ ಎಂಬ ಲೇಖಕ 'ದಿ ಜಂಗಲ್' ಎಂಬ ಕಾದಂಬರಿ ಬರೆದಿದ್ದ. ಶಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿ ವಾರಗಟ್ಟಲೆ ಓಡಾಡಿ, ಕೂಲಿಗಳ ಬವಣೆಯನ್ನು ಲೋಕಕ್ಕೆ ತೋರಿಸುವುದು ಅವನ ಉದ್ದೇಶ. ಓದಿದ ಜನರಿಗೆ ಕೂಲಿಗಳ ಬವಣೆಗಿಂತ ಹೆಚ್ಚು ನಾಟಿದ್ದು ಮಾಂಸದ ಕೊಳಕು. ಗದ್ದಲ ಎಷ್ಟಾಯಿತೆಂದರೆ ಅದೇ ವರ್ಷ ಅಮೆರಿಕ ಸರ್ಕಾರ ಮಾಂಸ ತಪಾಸಣೆ ಕಾಯ್ದೆ ಮತ್ತು ಶುದ್ಧ ಆಹಾರ ಕಾಯ್ದೆ ಎರಡನ್ನೂ ಜಾರಿಗೆ ತಂದಿತು. ಕಾಯ್ದೆ ಬಂದರೂ ಅನುಮಾನ ಒಂದೇ ದಿನಕ್ಕೆ ಹೋಗುವುದಿಲ್ಲ. ಅರೆದ ಮಾಂಸದ ಅಗ್ಗದ ಸಾಸೇಜ್ ಮೇಲಂತೂ ಇನ್ನೂ ಹೆಚ್ಚು ಅನುಮಾನ.

ನೇಥನ್ ಎರಡು ಕೆಲಸ ಮಾಡಿದ. ಒಂದು, ಸಾಸೇಜಿಗೆ ಬರೀ ದನದ ಮಾಂಸ ಬಳಸುತ್ತೇನೆ ಎಂದು ಸಾರಿದ. ಯಹೂದಿಗಳಿಗೆ ಹಂದಿ ಮಾಂಸ ನಿಷಿದ್ಧ, ಹಾಗಾಗಿ ಅವರ ನೆಚ್ಚಿಕೆಗೆ ಇದು ಬೇಕಿತ್ತು. ಮಿಕ್ಕವರಿಗೂ ಒಳಗೆ ಏನಿದೆ ಎಂಬ ಖಾತ್ರಿ ಸಿಕ್ಕಿತು. ಎರಡನೆಯದು ಉಪಾಯ. ಬಿಳಿ ಕೋಟು ಹಾಕಿದವರನ್ನು ಅಂಗಡಿಯ ಮುಂದೆ ನಿಲ್ಲಿಸಿ ಹಾಟ್ ಡಾಗ್ ತಿನ್ನಿಸಿದ. ನೋಡಿದವರು, ಡಾಕ್ಟರುಗಳೇ ತಿನ್ನುತ್ತಿದ್ದಾರೆ ಅಂದಮೇಲೆ ನಮಗೇನು ಎಂದು ಸಾಲಿನಲ್ಲಿ ನಿಂತರು. ಈ ಕಥೆಯನ್ನು ಎರಡು ಥರ ಹೇಳುತ್ತಾರೆ. ಹತ್ತಿರದ ಆಸ್ಪತ್ರೆಯ ನಿಜವಾದ ಸಿಬ್ಬಂದಿಗೆ ಪುಕ್ಕಟೆ ತಿಂಡಿ ಕೊಟ್ಟ ಎನ್ನುವುದು ಒಂದು. ಯಾರಿಗೋ ಬಿಳಿ ಕೋಟು ತೊಡಿಸಿ ನಿಲ್ಲಿಸಿದ ಎನ್ನುವುದು ಇನ್ನೊಂದು. ಯಾವುದೇ ಆಗಲಿ, ಮಾತು ಒಂದೇ. ಅಗ್ಗದ ಬೆಲೆ ಗಿರಾಕಿಯನ್ನು ಅಂಗಡಿಯ ಎದುರಿನವರೆಗೆ ತರುತ್ತದೆ. ಕೈ ಜೇಬಿಗೆ ಹೋಗಬೇಕಾದರೆ ನಂಬಿಕೆ ಬೇಕು.

ಮುಂದೆ ಹಾಟ್ ಡಾಗ್‌ನ ಮರ್ಯಾದೆ ಎಷ್ಟು ಏರಿತು ಎಂಬುದಕ್ಕೆ ಒಂದು ಘಟನೆ ಸಾಕು. 1939ರ ಜೂನ್‌ನಲ್ಲಿ ಬ್ರಿಟನ್ನಿನ ದೊರೆ ಆರನೇ ಜಾರ್ಜ್ ಮತ್ತು ರಾಣಿ ಅಮೆರಿಕಕ್ಕೆ ಬಂದಾಗ, ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ಹೈಡ್ ಪಾರ್ಕ್ ಊರಿನಲ್ಲಿ ನಡೆಸಿದ ವನಭೋಜನದಲ್ಲಿ ಅವರಿಗೆ ಹಾಟ್ ಡಾಗ್ ಕೊಟ್ಟರು. ನಾಯಿ ಮಾಂಸ ಎಂದು ಗೇಲಿಗೆ ಗುರಿಯಾಗಿದ್ದ ಕೂಲಿಯವರ ತಿಂಡಿ ದೊರೆಯ ಕೈಗೂ ಬಂತು.

ರೈಲು ತಂದ ಜನ

ಬೆಲೆ ಇತ್ತು, ನಂಬಿಕೆ ಬಂತು. ಇನ್ನು ಬೇಕಾಗಿದ್ದು ಜನ. ಅವರನ್ನು ತಂದದ್ದು ರೈಲು.

1920ರ ಹೊತ್ತಿಗೆ ನ್ಯೂಯಾರ್ಕ್‌ನ ಸಬ್‌ವೇ ರೈಲು ನೇರವಾಗಿ ಕೋನಿ ಐಲ್ಯಾಂಡ್‌ಗೆ ಬರತೊಡಗಿತು. ಟಿಕೆಟ್ 5 ಸೆಂಟ್, ಅಂದರೆ ನಿಕಲ್ ಎಂದು ಕರೆಯುವ ಒಂದೇ ನಾಣ್ಯ. ನಗರದ ಸಬ್‌ವೇಯಲ್ಲಿ 1904ರಿಂದ 1948ರವರೆಗೆ ಇದೇ ಬೆಲೆ ಇತ್ತು. ಸ್ಟಿಲ್‌ವೆಲ್ ಅವೆನ್ಯೂ ನಿಲ್ದಾಣದಲ್ಲಿ ಇಳಿದು ರಸ್ತೆಗೆ ಬಂದರೆ ಎದುರಿಗೇ ನೇಥನ್ ಅಂಗಡಿ. 1923ರಲ್ಲಿ ಸಮುದ್ರದ ಉದ್ದಕ್ಕೂ ಮರದ ಹಲಗೆಯ ಅಗಲವಾದ ಓಡಾಟದ ದಾರಿ ಬಂತು. 1920ರಲ್ಲಿ ವಂಡರ್ ವೀಲ್ ಎಂಬ ದೊಡ್ಡ ತಿರುಗು ಚಕ್ರ, 1927ರಲ್ಲಿ ಸೈಕ್ಲೋನ್ ಎಂಬ ಎದೆ ಝಲ್ಲೆನಿಸುವ ಆಟದ ರೈಲು ಬಂದವು. ಬೇಸಿಗೆಯ ಭಾನುವಾರ ಹತ್ತು ಲಕ್ಷ ಜನ ಸೇರುತ್ತಾರೆ ಎಂದು ಆಗಿನವರು ಅಂದಾಜು ಮಾಡುತ್ತಿದ್ದರು.

ಒಂದು ನಿಕಲ್‌ಗೆ ರೈಲು, ಇನ್ನೊಂದು ನಿಕಲ್‌ಗೆ ಹಾಟ್ ಡಾಗ್. ಬಟ್ಟೆ ಹೊಲಿಯುವ ಕಾರ್ಖಾನೆಯ ಹುಡುಗಿ, ಬಂದರಿನ ಹಮಾಲಿ, ಆಗಷ್ಟೇ ಹಡಗಿನಿಂದ ಇಳಿದ ವಲಸಿಗ ಎಲ್ಲರೂ ಅಲ್ಲಿಗೆ ಬರಬಹುದಿತ್ತು. ಅದಕ್ಕೇ ಕೋನಿ ಐಲ್ಯಾಂಡಿಗೆ 'ನಿಕಲ್ ಸಾಮ್ರಾಜ್ಯ' ಎಂಬ ಅಡ್ಡಹೆಸರು ಬಿತ್ತು. ಆ ಸಾಮ್ರಾಜ್ಯದ ಹೆಬ್ಬಾಗಿಲಲ್ಲೇ ನೇಥನ್ ಕೂತಿದ್ದ. ದಶಕಗಳ ಕಾಲ ಅವನು ಆ 5 ಸೆಂಟ್ ಬೆಲೆಯನ್ನು ಬಿಡಲಿಲ್ಲ.

ಹಳೆಯ ಫೆಲ್ಟ್‌ಮನ್ ಹೋಟೆಲ್ 1954ರಲ್ಲಿ ಬಾಗಿಲು ಹಾಕಿತು. ಹಾಟ್ ಡಾಗ್‌ಗೆ ದಾರಿ ಮಾಡಿಕೊಟ್ಟವನ ಜಾಗದಲ್ಲಿ 1962ರಲ್ಲಿ ಆಸ್ಟ್ರೋಲ್ಯಾಂಡ್ ಎಂಬ ಮನರಂಜನಾ ಪಾರ್ಕ್ ಬಂತು. ಅವನಲ್ಲಿ ಬನ್ ಸೀಳುತ್ತಿದ್ದ ಆಳಿನ ಹೆಸರು ಮಾತ್ರ ಬೀದಿ ತುಂಬ ಮಿನುಗುತ್ತಿತ್ತು.

ಒಂದು ಮೂಲೆಯಿಂದ ಷೇರು ಪೇಟೆಗೆ

ಎರಡನೇ ಮಹಾಯುದ್ಧದ ನಂತರ ಕಾಲ ಬದಲಾಯಿತು. ಜನ ಕಾರು ಕೊಂಡರು. ನಗರ ಬಿಟ್ಟು ಹೊರವಲಯಕ್ಕೆ ಮನೆ ಬದಲಿಸಿದರು. ಮನೆಗೆ ಟಿವಿ ಬಂತು, ಏಸಿ ಬಂತು. ಸೆಕೆಗೆ ಹೆದರಿ ರೈಲು ಹತ್ತಿ ಸಮುದ್ರಕ್ಕೆ ಬರುವ ಅಗತ್ಯ ಕಡಿಮೆಯಾಯಿತು. ಕೋನಿ ಐಲ್ಯಾಂಡಿನ ದೊಡ್ಡ ಆಟದ ತಾಣಗಳು ಒಂದೊಂದಾಗಿ ಹೋದವು. ಲೂನಾ ಪಾರ್ಕ್ 1944ರಲ್ಲಿ ಬೆಂಕಿಗೆ ಸಿಕ್ಕಿತು. ಸ್ಟೀಪಲ್‌ಚೇಸ್ ಪಾರ್ಕ್ 1964ರಲ್ಲಿ ಮುಚ್ಚಿತು.

ಒಂದೇ ಮೂಲೆಯನ್ನು ನಂಬಿ ಕೂತರೆ ಮುಳುಗುತ್ತೇವೆ ಎಂದು ಮಗ ಮರ್ರೆ ಹ್ಯಾಂಡ್‌ವರ್ಕರ್‌ಗೆ ಅನಿಸಿತು. ಅಪ್ಪನಿಗೆ ವಿಸ್ತರಣೆ ಇಷ್ಟವಿರಲಿಲ್ಲ. ಪ್ರತಿ ಸಾಸೇಜ್ ತನ್ನ ಕಣ್ಣೆದುರು ಕಾವಲಿಯಿಂದ ಇಳಿಯಬೇಕು ಎನ್ನುವ ಮನುಷ್ಯ ಆತ. ಹತ್ತು ಊರಿನಲ್ಲಿ ಅಂಗಡಿ ತೆರೆದರೆ ಯಾರು ನೋಡಿಕೊಳ್ಳುತ್ತಾರೆ? ಎರಡು ತಲೆಮಾರಿನ ಈ ಜಗಳ ಯಾವ ಊರಿನ ಯಾವ ಅಂಗಡಿಗೂ ಹೊಸದಲ್ಲ. ಇನ್ನೊಬ್ಬ ಮಗ ಸಾಲ್ 1960ರ ದಶಕದಲ್ಲಿ ಹೊರಬಂದು ತನ್ನದೇ ಅಂಗಡಿ ಮಾಡಿದ.

ಕೊನೆಗೆ ಮರ್ರೆಯ ಮಾತು ನಡೆಯಿತು. 1959ರಲ್ಲಿ ಲಾಂಗ್ ಐಲ್ಯಾಂಡಿನ ಓಷನ್‌ಸೈಡ್‌ನಲ್ಲಿ, 1965ರಲ್ಲಿ ಯಾಂಕರ್ಸ್‌ನಲ್ಲಿ ಅಂಗಡಿಗಳಾದವು. ಎರಡೂ ಕಾರಿನಲ್ಲಿ ಬರುವವರಿಗೆಂದೇ ಮಾಡಿದ ಜಾಗಗಳು. 1968ರಲ್ಲಿ ಕಂಪನಿ ಷೇರು ಪೇಟೆಗೆ ಹೋಯಿತು. ನೇಥನ್ 1974ರಲ್ಲಿ ತೀರಿಕೊಂಡ. 1987ರಲ್ಲಿ ಕುಟುಂಬದ ಕೈಯಿಂದ ಕಂಪನಿ ಹೊರಗಿನ ಹೂಡಿಕೆದಾರರ ಕೈಗೆ ಹೋಯಿತು.

ಸುಳ್ಳು ಹುಟ್ಟಿದ್ದು ಹೀಗೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. 1972ರ ಹೊತ್ತಿಗೆ ಕೋನಿ ಐಲ್ಯಾಂಡ್ ಸೊರಗಿತ್ತು. ಆಗ ಅಂಗಡಿಯ ಪ್ರಚಾರ ನೋಡಿಕೊಳ್ಳುತ್ತಿದ್ದವರು ಮ್ಯಾಕ್ಸ್ ರೋಸಿ ಮತ್ತು ಮಾರ್ಟಿಮರ್ ಮ್ಯಾಟ್ಸ್. ಪತ್ರಿಕೆಯಲ್ಲಿ ಹೆಸರು ಬರುವ ಹಾಗೆ ಮಾಡುವುದೇ ಅವರ ಕಸುಬು. ತಿನ್ನುವ ಸ್ಪರ್ಧೆ ಇಟ್ಟರು. ಅದಕ್ಕೆ ತೂಕ ಬರಲೆಂದು ಒಂದು ಹಳೆಯ ಕಥೆಯನ್ನೂ ಹೊಸೆದರು. 1916ರ ಜುಲೈ 4ರಂದು ನಾಲ್ವರು ವಲಸಿಗರ ನಡುವೆ, ಯಾರು ಹೆಚ್ಚು ದೇಶಪ್ರೇಮಿ ಎಂಬ ವಾದ ಎದ್ದು, ಅದನ್ನು ತೀರ್ಮಾನಿಸಲು ಹಾಟ್ ಡಾಗ್ ತಿನ್ನುವ ಪಂದ್ಯ ಕಟ್ಟಿದರು ಎಂಬ ಕಥೆ. ಅದರಲ್ಲಿ ಗೆದ್ದವನ ಹೆಸರು ಇತ್ತು, ತಿಂದ ಲೆಕ್ಕವೂ ಇತ್ತು.

ಪತ್ರಿಕೆಗಳು ಕೇಳದೆ ಅಚ್ಚು ಹಾಕಿದವು. ಒಂದು ಪತ್ರಿಕೆ ನೋಡಿ ಇನ್ನೊಂದು ಬರೆಯಿತು. ಹಳೆಯ ಪತ್ರಿಕೆಯಲ್ಲಿ ಬಂದಿದೆ ಎಂಬುದೇ ಸಾಕ್ಷಿಯಾಯಿತು. ಕೊನೆಗೆ 2010ರಲ್ಲಿ ಮ್ಯಾಟ್ಸ್ ತಾನೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಂದೆ, ಅದೆಲ್ಲ ನಾವು ಕಟ್ಟಿದ್ದು ಎಂದು ಒಪ್ಪಿಕೊಂಡ. 38 ವರ್ಷ ಬಾಳಿದ ಸುಳ್ಳು ಅದು. ಒಪ್ಪಿಕೊಂಡ ಮೇಲೂ ಪೂರ್ತಿ ಸಾಯಲಿಲ್ಲ.

ಈ ಸುಳ್ಳಿನ ರಚನೆ ಗಮನಿಸಿ. ಇಸವಿ ನಿಜ, ಅಂಗಡಿ ನಿಜ, ಬೀದಿ ನಿಜ, ವಲಸಿಗರು ನಿಜ. ನಡುವೆ ಕೂರಿಸಿದ ಘಟನೆ ಮಾತ್ರ ಸುಳ್ಳು. ನಮ್ಮ ಮೊಬೈಲಿಗೆ ಫಾರ್ವರ್ಡ್ ಆಗಿ ಬರುವ 'ಇತಿಹಾಸ'ಗಳಲ್ಲಿ ಬಹಳಷ್ಟು ಇದೇ ಅಚ್ಚಿನವು. ತಾರೀಖು, ಹೆಸರು, ಅಂಕಿ ಇದ್ದ ಮಾತ್ರಕ್ಕೆ ಅದು ಚರಿತ್ರೆಯಾಗುವುದಿಲ್ಲ. ಆ ದಿನದ ದಾಖಲೆ ಎಲ್ಲಿದೆ, ಮೊದಲು ಹೇಳಿದವರು ಯಾರು, ಹೇಳಿದ್ದರಿಂದ ಯಾರಿಗೆ ಲಾಭ ಎಂದು ಮೂರು ಪ್ರಶ್ನೆ ಕೇಳಿದ್ದರೆ ಈ ಕಥೆ 1972ರಲ್ಲೇ ಬಿದ್ದುಹೋಗುತ್ತಿತ್ತು. ಬರೆಯುವವರು ಕೇಳಲಿಲ್ಲ.

ಹೆಸರೇ ಸರಕು

ಸುಳ್ಳು ನೆಟ್ಟ ಸ್ಪರ್ಧೆಗೆ ನಿಜವಾದ ಹಣ್ಣು ಬಿಟ್ಟಿತು. 2001ರಲ್ಲಿ ಜಪಾನಿನ ತಕೇರು ಕೊಬಯಾಶಿ ಎಂಬ ತೆಳ್ಳನೆಯ ಯುವಕ 12 ನಿಮಿಷದಲ್ಲಿ 50 ತಿಂದ. ಹಿಂದಿನ ದಾಖಲೆ 25 ಚಿಲ್ಲರೆ. ಲೋಕವೆಲ್ಲ ಬೆರಗಾಯಿತು. 2004ರಿಂದ ಇಎಸ್‌ಪಿಎನ್ ವಾಹಿನಿ ಪ್ರಸಾರ ಶುರು ಮಾಡಿತು. 2024ರಲ್ಲಿ ಚೆಸ್ಟ್‌ನಟ್ ಸಸ್ಯಾಹಾರಿ ಹಾಟ್ ಡಾಗ್ ಮಾಡುವ ಬೇರೆ ಕಂಪನಿಯ ಜೊತೆ ಪ್ರಚಾರದ ಒಪ್ಪಂದ ಮಾಡಿಕೊಂಡದ್ದಕ್ಕೆ ಅವನನ್ನು ಹೊರಗಿಟ್ಟರು. 2025ರಲ್ಲಿ ಮರಳಿ ಬಂದು ಗೆದ್ದ. ಆಟದ ವೇಷದಲ್ಲಿದ್ದರೂ ಇದು ಜಾಹೀರಾತೇ ಎಂಬುದು ಆ ಜಗಳದಲ್ಲಿ ಎಲ್ಲರಿಗೂ ಕಂಡಿತು.

ಕಂಪನಿಯ ವ್ಯಾಪಾರವೂ ಬದಲಾಗಿದೆ. ಇವತ್ತು ಅದರ ಲಾಭದ ದೊಡ್ಡ ಪಾಲು ಅಂಗಡಿಯ ಕೌಂಟರಿನಿಂದ ಬರುವುದಿಲ್ಲ. ಬೇರೆಯವರು ತಯಾರಿಸಿ, ನೇಥನ್ ಹೆಸರಿನ ಪ್ಯಾಕೆಟ್‌ನಲ್ಲಿ ಸೂಪರ್ ಮಾರ್ಕೆಟ್‌ಗಳಿಗೆ ಕಳಿಸುತ್ತಾರೆ. ಹೆಸರು ಬಳಸಿದ್ದಕ್ಕೆ ಕಂಪನಿಗೆ ರಾಯಧನ ಕೊಡುತ್ತಾರೆ. 2014ರಲ್ಲಿ ಆ ಲೈಸೆನ್ಸ್ ಸ್ಮಿತ್‌ಫೀಲ್ಡ್ ಬಳಗದ ಕೈಗೆ ಹೋಯಿತು. ಸ್ಮಿತ್‌ಫೀಲ್ಡ್ ಅಂದರೆ ಜಗತ್ತಿನ ಅತಿ ದೊಡ್ಡ ಹಂದಿ ಮಾಂಸದ ಕಂಪನಿಗಳಲ್ಲಿ ಒಂದು, 2013ರಲ್ಲಿ ಚೀನಾದ ಕಂಪನಿಯೊಂದು ಕೊಂಡದ್ದು. ಹಂದಿ ಮುಟ್ಟದ ಯಹೂದಿ ಚಪ್ಪಲಿಗಾರನ ಮಗ ಕಟ್ಟಿದ ದನದ ಮಾಂಸದ ಹಾಟ್ ಡಾಗ್ ಈಗ ಅವರ ಕಾರ್ಖಾನೆಗಳಲ್ಲಿ ತಯಾರಾಗುತ್ತದೆ.

ನೇಥನ್ ಮಾರಿದ್ದು ಹಾಟ್ ಡಾಗ್. ಅವನ ನಂತರದವರು ಮಾರುತ್ತಿರುವುದು ನೇಥನ್ ಎಂಬ ಹೆಸರು. ಹಾಟ್ ಡಾಗ್ ಮಾರಲು ಒಳ್ಳೆಯ ಸಾಸೇಜ್, ಕಡಿಮೆ ಬೆಲೆ, ಎದುರಿಗೆ ರೈಲು ನಿಲ್ದಾಣ ಸಾಕಿತ್ತು. ಹೆಸರು ಮಾರಬೇಕಾದರೆ ಅದರ ಸುತ್ತ ಕಥೆ ಬೇಕು. ನಿಜವಾದ ಕಥೆ ಸಾಲದು ಅನಿಸಿದಾಗ ಸುಳ್ಳು ಕಥೆ ಬಂತು.

ವಿಚಿತ್ರ ಅಂದರೆ, ಆ ಸುಳ್ಳಿನ ಅಗತ್ಯವೇ ಇರಲಿಲ್ಲ. ಬರಿಗೈಯಲ್ಲಿ ಬಂದ ಇಪ್ಪತ್ತರ ಹುಡುಗ ನಾಲ್ಕು ವರ್ಷದಲ್ಲಿ ಧಣಿಯ ಹೋಟೆಲಿನ ಪಕ್ಕದಲ್ಲೇ ಅರ್ಧ ಬೆಲೆಯ ಅಂಗಡಿ ಹಾಕಿ, ಕೂಲಿಯವರ ಮಕ್ಕಳ ಕೈಗೂ ಆ ತಿಂಡಿ ಎಟುಕುವಂತೆ ಮಾಡಿದ್ದು ಸಣ್ಣ ಚರಿತ್ರೆಯಲ್ಲ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತದ ನೀರು ನುಗ್ಗಿ ಆ ಅಂಗಡಿ ತಿಂಗಳುಗಟ್ಟಲೆ ಮುಚ್ಚಿತ್ತು. 2013ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಅದೇ ಎರಡು ರಸ್ತೆಗಳ ಮೂಲೆ, ಅದೇ ರೈಲು ನಿಲ್ದಾಣದ ಎದುರು. 5 ಸೆಂಟ್ ಬೆಲೆ ಮಾತ್ರ ಈಗ ಇಲ್ಲ.